ಫೋರ್ ವೀಲ್ ಹಾಕದಿದ್ರೂ ಆಯಿಲ್ ಬೇಕಾ?

ಪ್ರಶ್ನೆ: ನಮ್ದು ಹಳೇ ಮಾರುತಿ ಜಿಪ್ಸಿ, ಕಾಫಿ ತೋಟಕ್ಕೆ ಓಡಾಡೋಕೆ. ಮೊನ್ನೆ ಜೋರು ಮಳೇಲಿ ಶಿರಾಡಿ ಘಾಟಿ ಇಳೀವಾಗ ಗ್ರಿಪ್ ಇರ್ಲಿ ಅಂತ ಮುಂದಿನ ಚಕ್ರಗಳ ಹಬ್ ಲಾಕ್ ಮಾಡಿ 4ಎಚ್ (ನಾಕೂ ಚಕ್ರಕ್ಕೆ ಶಕ್ತಿ, ಹೈ) ಹಾಕ್ದೆ. ತಿರುವಲ್ಲಿ ಸ್ಟೇರಿಂಗ್ ಬಿಗಿಯಾಯ್ತು, ಕೆಳಗೆ ಬಂದ್ಮೇಲೆ ಲಿವರ್ 2ಎಚ್‌ಗೆ (ಹಿಂದಿನ ಎರಡೇ ಚಕ್ರಕ್ಕೆ) ಬರ್ಲೇ ಇಲ್ಲ, ಒದ್ದಾಡಿ ತಗ್ದೆ. ಈಗ 2ಎಚ್‌ನಲ್ಲೂ ಕೆಳಗಿಂದ ಗುಂಯ್ ಅಂತ ಸದ್ದು. ಮೆಕ್ಯಾನಿಕ್ "ವರ್ಷಕ್ಕೆ ನಾಕು ದಿನ ಫೋರ್ ವೀಲ್ ಹಾಕ್ತೀರಿ, ಆ ಟ್ರಾನ್ಸ್‌ಫರ್ ಬಾಕ್ಸಿಗೆ ಆಯಿಲ್ ಯಾಕೆ ಸಾರ್" ಅಂತಾರೆ. ಹೌದಾ?
– ಓದುಗರೊಬ್ಬರು, ಸಕಲೇಶಪುರ

ಉತ್ತರ: ಜಿಪ್ಸಿ ವಿಷ್ಯದಲ್ಲಂತೂ ಆ ಮಾತು ಪೂರ್ತಿ ತಪ್ಪು. ಎಂಜಿನ್ನಿಂದ ಗೇರ್‌ಬಾಕ್ಸು, ಅಲ್ಲಿಂದ ಒಂದು ಗಿಡ್ಡ ಶಾಫ್ಟು, ಆಮೇಲೆ ಗಾಡಿ ನಡುವೆ ನೇತಾಡೋ, ಶಕ್ತೀನ ಹಿಂದಕ್ಕೂ ಮುಂದಕ್ಕೂ ಹಂಚೋ ಟ್ರಾನ್ಸ್‌ಫರ್ ಬಾಕ್ಸು, ಅಲ್ಲಿಂದ ಹಿಂದಕ್ಕೊಂದು ಮುಂದಕ್ಕೊಂದು ಪ್ರೊಪೆಲ್ಲರ್ ಶಾಫ್ಟು. ಸುಮಾರು ಜೀಪುಗಳಲ್ಲಿ ಹೈ ಅಂದ್ರೆ ಶಕ್ತಿ ನೇರವಾಗಿ ಹಾದು ಹೋಗುತ್ತೆ, ಆದ್ರೆ ಜಿಪ್ಸೀಲಿ ಹೈನಲ್ಲೂ ಹಲ್ಲುಚಕ್ರಗಳ ಮೂಲಕವೇ ಸ್ಪೀಡ್ ಇಳಿದು ಹೋಗುತ್ತೆ (ಲೋನಲ್ಲಿ ಇನ್ನೂ ಜಾಸ್ತಿ ಇಳಿಯುತ್ತೆ), ಅಂದ್ರೆ ನೀವು 2ಎಚ್‌ನಲ್ಲಿ ಪೇಟೆಗೆ ತರಕಾರಿ ತರೋಕೆ ಹೋದ್ರೂ ಅದರ ಹಲ್ಲುಗಳು ಲೋಡ್ ಹೊತ್ಕೊಂಡೇ ತಿರುಗ್ತಿರ್ತವೆ.

ಲಿವರ್ ಸಿಕ್ಕಿಹಾಕ್ಕೊಂಡಿದ್ದು ರಿಪೇರಿ ವಿಷ್ಯ ಅಲ್ಲ. 4ಎಚ್ ಹಾಕಿದ್ರೆ ಮುಂದಿನ ಹಿಂದಿನ ಶಾಫ್ಟ್ ಎರಡೂ ಕಚ್ಕೊಂಡು ಒಂದೇ ಸ್ಪೀಡಲ್ಲಿ ತಿರುಗ್ಬೇಕು, ಸ್ಪೀಡಿನ ವ್ಯತ್ಯಾಸ ಸರಿದೂಗಿಸೋ ಡಿಫರೆನ್ಷಿಯಲ್ ಮಧ್ಯೆ ಇಲ್ಲ. ತಿರುವಲ್ಲಿ ಮುಂದಿನ ಚಕ್ರ ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗುತ್ತೆ. ಕೆಸರಲ್ಲಾದ್ರೆ ಯಾವ್ದೋ ಚಕ್ರ ಜಾರಿ ಲೆಕ್ಕ ಸರಿಹೋಗುತ್ತೆ, ಗಟ್ಟಿ ರೋಡು ನೆನೆದಿದ್ರೂ ಹಿಡ್ಕೊಳುತ್ತೆ, ಆಗ ಶಾಫ್ಟುಗಳು ಮುರಿಗೆ ಬಿದ್ದ ಹಗ್ಗದ ಹಾಗೆ ಬಿಗಿದು ಲಿವರ್ ಬಿಡಲ್ಲ. ಒದೀಬೇಡಿ, ಹತ್ತಿಪ್ಪತ್ತು ಅಡಿ ನೆಟ್ಟಗೆ ರಿವರ್ಸ್ ಹೋಗಿ, ತಾನೇ ಸಡಿಲ ಆಗುತ್ತೆ. ಘಾಟೀಲಿ 2ಎಚ್ ಸಾಕು, ಕಡ್ಮೆ ಗೇರಲ್ಲಿ ನಿಧಾನಕ್ಕೆ ಇಳೀರಿ. ಲೋ ಹಾಕೋದಿದ್ರೆ ಗಾಡಿ ನಿಲ್ಸಿ, ಕ್ಲಚ್ ಒತ್ತಿ.

ಇನ್ನು ಸದ್ದು. ಮೊದ್ಲು ಆಯಿಲ್ ನೋಡ್ಸಿ. ಆ ಬಾಕ್ಸಿಗೆ ಹಿಡಿಯೋದೇ ಸುಮಾರು 0.8 ಲೀಟರು, ಸೀಲಿಂದ ಸೋರ್ತಿದ್ರೆ ಗೊತ್ತಾಗ್ದಂಗೆ ಕಡ್ಮೆ ಆಗ್ಬಿಡುತ್ತೆ. ಸಮತಟ್ಟು ಜಾಗದಲ್ಲಿ ನಿಲ್ಸಿ ಆಯಿಲ್ ಹಾಕೋ ಮೇಲಿನ ಫಿಲ್ಲರ್ ನಟ್ ಮೊದ್ಲು ಬಿಚ್ಚಿ, ಆಯಿಲ್ ಇಳಿಸೋ ಕೆಳಗಿನ ಡ್ರೈನ್ ಆಮೇಲೆ. ನಾನೊಂದ್ಸಲ ಉಲ್ಟಾ ಮಾಡಿ ಆಯಿಲ್ಲೆಲ್ಲ ಚೆಲ್ಲಿದ್ಮೇಲೆ ನೋಡಿದ್ರೆ ಮೇಲಿನ ನಟ್ ತುಕ್ಕು ಹಿಡಿದು ಜಪ್ಪಯ್ಯ ಅನ್ಲಿಲ್ಲ, ಗಾಡಿ ಎರಡು ದಿನ ಅಲ್ಲೇ. ಡ್ರೈನ್ ಬಿಚ್ಚೋ ಮೊದ್ಲು ಮೇಲಿನ ತೂತಿಗೆ ಬೆರಳು ಹಾಕಿದ್ರೆ ಅಂಚಲ್ಲೇ ಆಯಿಲ್ ಸಿಗ್ಬೇಕು. ಬಂದ ಆಯಿಲ್ ಹಾಲು ಬೆರೆಸಿದ ಕಾಫಿ ಬಣ್ಣ ಇದ್ರೆ ನೀರು ಸೇರಿದೆ: ಬಿಸಿ ಬಾಕ್ಸು ಹಳ್ಳಕ್ಕಿಳಿದ ಕೂಡ್ಲೆ ಒಳಗಿನ ಗಾಳಿ ಕುಗ್ಗಿ ಬ್ರೀದರಿಂದಲೋ (ಗಾಳಿ ಆಡೋ ತೂತು) ಸೀಲಿಂದಲೋ ನೀರು ಎಳ್ಕೊಳುತ್ತೆ. ಬೂದು ಬಣ್ಣದ ನುಣ್ಣನೆ ಪುಡಿ ಇದ್ರೆ ಚಿಂತೆ ಇಲ್ಲ, ಮಿಣಮಿಣ ಚೂರು ಸಿಕ್ರೆ ಬೇರಿಂಗೋ ಹಲ್ಲೋ ಹೋಗಿದೆ. ಮ್ಯಾನ್ಯುಯಲ್ ಹೇಳಿದ ಗ್ರೇಡಿನ ಗೇರ್ ಆಯಿಲ್ಲೇ ತುಂಬ್ಸಿ, ತೂತಿಂದ ಹೊರಗೆ ಬರೋವರ್ಗೂ. ಹಳ್ಳ ದಾಟೋ ಗಾಡಿಗೆ ಮಳೆಗಾಲ ಮುಗಿದ್ಮೇಲೆ ಒಂದ್ಸಲ ಬದಲಾಯಿಸ್ಬೇಕು ಅನ್ನೋದು ನನ್ನ ಮತ.

ಕ್ಲಚ್ ಬಿಟ್ಟಾಗ ಧಡ್ ಅನ್ನೋದಿದ್ರೆ ಅದು ಬಾಕ್ಸ್ ಹಿಡಿದಿರೋ ಮೂರು ರಬ್ಬರ್ ಮೌಂಟ್ ಇರ್ಬೋದು, ಅದೂ ನೋಡ್ಸಿ. ಹೊಸ ಆಯಿಲ್ ಹಾಕಿದ್ಮೇಲೂ ಗುಂಯ್ ನಿಲ್ದಿದ್ರೆ ಬಾಕ್ಸ್ ಬಿಚ್ಚಿಸ್ದೆ ದಾರಿ ಇಲ್ಲ, ಜಿಪ್ಸೀಲಿ ಅದು ಬೇರೇನೇ ಇರೋದ್ರಿಂದ ಗೇರ್‌ಬಾಕ್ಸ್ ಇಳಿಸ್ಬೇಕು ಅಂತ ಯಾರಾದ್ರೂ ಬಿಲ್ ಬರೆದ್ರೆ ಒಪ್ಕೋಬೇಡಿ.