ಕಾಸರಗೋಡಿನ ಮಗ್ಗ ಮತ್ತು ತೆಯ್ಯ: ಎರಡನ್ನೂ ಒಂದೇ ವಾರಾಂತ್ಯಕ್ಕೆ ತುರುಕಬೇಡಿ

ಡಿಸೆಂಬರಿನಲ್ಲಿ ಎರಡು ದಿನ ಬಿಡುವಿದೆ, ಕಾಸರಗೋಡಿನಲ್ಲಿ ನೇಕಾರರ ಹಳ್ಳಿಯನ್ನು ನೋಡಿ ತೆಯ್ಯದಲ್ಲೂ (ದೈವದ ವೇಷ ಕಟ್ಟಿ ಕುಣಿಯುವ ಆರಾಧನೆ) ಪಾಲ್ಗೊಳ್ಳಬೇಕು, ಯಾವ ಊರಿಗೆ ಹೋಗಲಿ ಎಂದು ಕೇಳಿದ್ದೀರಿ. ಇದೇ ಯೋಜನೆಯನ್ನು ಬೆಂಗಳೂರಿನ ಗೆಳತಿಯರಿಗೆ ಹಿಂದೊಮ್ಮೆ ನಾನೇ ಹಾಕಿಕೊಟ್ಟಿದ್ದೆ. ಕಾಸರಗೋಡು ಜಿಲ್ಲೆಯ ಬದಿಯಡ್ಕ ನನ್ನ ತಾಯಿಯ ಊರು, ಆದ್ದರಿಂದ ಎಲ್ಲವೂ ಗೊತ್ತೆಂಬ ಜಂಭ ಬೇರೆ.

ಮೊದಲ ರಾತ್ರಿ ಒತ್ತೆಕೋಲ ಎಂಬ ತೆಯ್ಯ. ಎಳೆಯ ತೆಂಗಿನ ಗರಿ ಕಟ್ಟಿಕೊಂಡ ವಿಷ್ಣುಮೂರ್ತಿ ದೈವ ಕೆಂಡದ ರಾಶಿಗೆ ಬೀಳುವುದು ಬೆಳಗಿನ ಜಾವಕ್ಕೆ. ಅಲ್ಲಿಯವರೆಗೆ ಯಾರು ಮಲಗುತ್ತಾರೆ? ಮೈಯೆಲ್ಲ ಹೊಗೆ, ಕಣ್ಣಲ್ಲಿ ಉರಿ. ಹಾಗೆಯೇ ಜೀಪು ಹತ್ತಿ, ಅತ್ತೆಯ ಪರಿಚಯದ ನೇಕಾರರೊಬ್ಬರ ಮನೆಗೆ ಬೆಳಿಗ್ಗೆಯೇ ಹೋದೆವು.

ಆ ಮನೆಯಲ್ಲಿದ್ದದ್ದು ಗುಂಡಿ ಮಗ್ಗ. ನೇಯುವವರು ಗುಂಡಿಯೊಳಗೆ ಕಾಲಿಳಿಬಿಟ್ಟು ಕುಳಿತಿರುತ್ತಾರೆ, ಹಾಸಿನ (ಉದ್ದಕ್ಕೆ ಕಟ್ಟಿದ) ಎಳೆಗಳು ನೆಲದಿಂದ ತುಸುವೇ ಮೇಲೆ, ನಮ್ಮ ಮೊಣಕಾಲಿನ ಮಟ್ಟದಲ್ಲಿ ಬಿಗಿದಿರುತ್ತವೆ. ಕಾಸರಗೋಡು ಸೀರೆಗೆ ಬಳಸುವುದು 60ರಿಂದ 100ನೇ ನಂಬರಿನವರೆಗಿನ ಸಣ್ಣ ಹತ್ತಿ ನೂಲು. ಎಳೆಗೆ ಗಂಜಿ ಹಚ್ಚಿ ಗಟ್ಟಿ ಮಾಡಿದ್ದರೂ ಮಬ್ಬು ಬೆಳಕಿನಲ್ಲಿ ಸರಿಯಾಗಿ ಕಾಣಿಸುವುದಿಲ್ಲ. ನಾನು ಅಡ್ಡನೂಲು ಒಯ್ಯುವ ಲಾಳಿಯ ಓಟವನ್ನು ಹತ್ತಿರದಿಂದ ಮೊಬೈಲಿನಲ್ಲಿ ಹಿಡಿಯಲು ಬಾಗಿದೆ. ನಿದ್ದೆಗೆಟ್ಟ ಕಾಲು ತಡವರಿಸಿತು. ಹೆಗಲಿನ ಚೀಲ ಜಾರಿ ಹಾಸಿನ ಮೇಲೆ ಬಿತ್ತು. ಅದನ್ನು ಹಿಡಿಯಲು ಹೋಗಿ ಕೈಯನ್ನೂ ಊರಿದೆ.

ಒಂದೆರಡು ಎಳೆ ತುಂಡಾದರೆ ನೇಕಾರರಿಗೆ ಅದು ದಿನನಿತ್ಯದ ಕೆಲಸ: ತುದಿ ಹುಡುಕಿ, ಗಂಟು ಹಾಕಿ, ಮುಂದುವರಿಯುತ್ತಾರೆ. ಆದರೆ ನನ್ನಿಂದಾದಂತೆ ಒಂದು ಗುಂಪೇ ಹರಿದರೆ ಯಾವ ತುದಿ ಯಾವುದಕ್ಕೆ ಸೇರಬೇಕೆಂಬುದೇ ಗೋಜಲು. ಪ್ರತಿಯೊಂದನ್ನೂ ಅದರದೇ ಸ್ಥಾನದಲ್ಲಿ ಹಣಿಗೆಯ (ಎಳೆಗಳನ್ನು ಬಿಡಿಸಿಡುವ ಬಾಚಣಿಗೆ) ಸೀಳಿನೊಳಗೆ ತೂರಿಸಬೇಕು. ಒಂದು ಅದಲುಬದಲಾದರೂ ಅಲ್ಲಿಂದ ಮುಂದಕ್ಕೆ ಸೀರೆಯುದ್ದಕ್ಕೂ ಗೆರೆ ಬೀಳುತ್ತದೆ. ಮೇಲಾಗಿ ಅವರ ಕೂಲಿ ಗಂಟೆಗಲ್ಲ, ನೇಯ್ದಷ್ಟಕ್ಕೆ. ಎಳೆ ಕೂಡಿಸುವ ಹೊತ್ತಿಗೆ ಯಾರೂ ದುಡ್ಡು ಕೊಡುವುದಿಲ್ಲ. ನಾನು ನೋಟು ಚಾಚಿದ್ದು ಇನ್ನೂ ದೊಡ್ಡ ಅವಮಾನವಾಯಿತು. "ನಿಮ್ಮ ಅತ್ತೆಯವರ ಹೆಸರು ಹೇಳಿದ್ದಕ್ಕೆ ಒಳಗೆ ಬಿಟ್ಟೆ" ಎಂದಷ್ಟೇ ಹೇಳಿ ಅವರು ತುದಿ ಹುಡುಕತೊಡಗಿದರು. ಅತ್ತೆ ಆ ಮನೆಗೆ ಹೋಗುವುದನ್ನೇ ನಿಲ್ಲಿಸಿದರು. ನನ್ನೊಂದಿಗೆ ಬಹಳ ಕಾಲ ಸರಿಯಾಗಿ ಮಾತನಾಡಲಿಲ್ಲ.

ಹಾಗಾಗಿ ಊರಿನ ಹೆಸರು ಕೊಡುವುದಿಲ್ಲ. ನೀವು ಊಹಿಸಿಕೊಂಡಂತೆ ಬೀದಿಯುದ್ದಕ್ಕೂ ಮಗ್ಗದ ಸದ್ದು ಕೇಳುವ, ಪ್ರವಾಸಿಗರಿಗಾಗಿ ಕಾದಿರುವ ಹಳ್ಳಿ ಇಲ್ಲಿಲ್ಲ. ಕಾಸರಗೋಡಿನ ವಿದ್ಯಾನಗರದಲ್ಲಿ 1938ರಲ್ಲಿ ಆರಂಭವಾದ ನೇಕಾರರ ಸಹಕಾರ ಸಂಘವಿದೆ. ಮುಂಚಿತವಾಗಿ ಫೋನ್ ಮಾಡಿ ಕೆಲಸದ ದಿನ ಹೋಗಿ, ಭಾನುವಾರವಲ್ಲ. ಸೀರೆಯನ್ನೂ ಅಲ್ಲಿಯೇ ಕೊಳ್ಳಿ. ಭೌಗೋಳಿಕ ಸೂಚಕದ (ಈ ಊರಿನದೇ ಎಂಬ ಸರ್ಕಾರಿ ಗುರುತು) ಮಾನ್ಯತೆ ಇರುವ ಸೀರೆ, ಬಣ್ಣ ಬಿಡುವುದಿಲ್ಲ. ಚೌಕಾಸಿ ದಯವಿಟ್ಟು ಬೇಡ. ಇನ್ನು ನೇಕಾರರದೇ ಕಾವಿನಲ್ಲಿ (ದೈವದ ಬನದಲ್ಲಿ) ಕಳಿಯಾಟ, ಅಂದರೆ ತೆಯ್ಯದ ಉತ್ಸವ, ನಡೆಯುವ ದಿನ ಹೋದರೆ ಎರಡೂ ಸಿಕ್ಕುತ್ತದೆ ಎಂಬ ಆಸೆಯೂ ಬೇಡ. ಅಂದು ನೇಯುವವರೇ ಉತ್ಸವದ ಓಡಾಟದಲ್ಲಿರುತ್ತಾರೆ.

"ಪಾಲ್ಗೊಳ್ಳುವುದು" ಎಂದಿರಲ್ಲ, ಅದಂತೂ ನನಗೆ ಒಪ್ಪಿಗೆಯಿಲ್ಲ. ತೆಯ್ಯ ಕಟ್ಟುವ ಹಕ್ಕು ವಂಶಪಾರಂಪರ್ಯವಾಗಿ ಕೆಲವು ಸಮುದಾಯಗಳಿಗೆ ಸೇರಿದ್ದು. ನಡೆಸುವವರು ಆ ಮನೆತನ, ಆ ಕಾವಿನವರು. ನಮ್ಮ ಪಾಲಿಗೆ ಇರುವುದು ಚಪ್ಪಲಿ ಕಳಚಿ ಬದಿಯಲ್ಲಿ ನಿಲ್ಲುವುದು, ಕಾಣಿಕೆ ಹಾಕಿ ಅರಿಶಿನದ ಪ್ರಸಾದ ಪಡೆಯುವುದು, ಬಡಿಸಿದರೆ ಊಟ ಮಾಡುವುದು. ಫ್ಲ್ಯಾಶ್ ಹಾಕಿ ಮುಖದ ಹತ್ತಿರಕ್ಕೆ ನುಗ್ಗಬೇಡಿ, ಊರಿನ ಹುಡುಗರು ಎಳೆದು ಹಿಂದೆ ನಿಲ್ಲಿಸುತ್ತಾರೆ.

ಎರಡೇ ದಿನವಿದ್ದರೆ ತೆಯ್ಯವನ್ನೇ ಆರಿಸಿಕೊಳ್ಳಿ. ಅಕ್ಟೋಬರ್ ಕೊನೆಯ ಪತ್ತಾಮುದಯದಿಂದ (ತುಲಾ ಮಾಸದ ಹತ್ತನೇ ದಿನ) ಮಳೆ ಹಿಡಿಯುವವರೆಗೂ ಋತು ಇರುತ್ತದೆ. ರಾತ್ರಿಯಿಡೀ ನೋಡಿ, ಮರುದಿನ ವಸತಿಗೃಹದಲ್ಲಿ ಮಲಗಿ. ಮಗ್ಗಕ್ಕೆ ಇನ್ನೊಮ್ಮೆ ಬನ್ನಿ, ಚೀಲವನ್ನು ಹೊರಗಿಟ್ಟು.