ಹೆಸರಿನ ಸ್ಕೂಲೋ, ಫೀಸು ಬಿಡುವ ಸ್ಕೂಲೋ: ದಾವಣಗೆರೆಯ ತಂಗಿಗೆ

ನಿನ್ನ ಪ್ರಶ್ನೆ ಓದಿದೆ. ಅಕ್ಕ ಅಂತ ಕರೆದಿದ್ದೀಯ, ಅದಕ್ಕೆ ನೀನು ಅಂತಲೇ ಬರೆಯುತ್ತೇನೆ, ಬೇಜಾರಿಲ್ಲ ಅಲ್ವಾ? ಬೆಂಗಳೂರಲ್ಲಿ ಆರ್ಕಿಟೆಕ್ಚರ್ ಪದವಿ ಬಿ.ಆರ್ಕ್ ಮುಗಿಸಿದ್ದೀಯ, ಅಮೆರಿಕದಲ್ಲಿ ಅದರ ಸ್ನಾತಕೋತ್ತರ ಪದವಿ ಎಂ.ಆರ್ಕ್‌ಗೆ ಎರಡು ಕಡೆ ಸೀಟು ಸಿಕ್ಕಿದೆ. ಒಂದು ಪೂರ್ವ ಕರಾವಳಿಯ ದೊಡ್ಡ ಹೆಸರಿನ ಸ್ಕೂಲು, ಒಂದೂವರೆ ವರ್ಷ, ಒಂದು ಡಾಲರ್ ಸಹಾಯವೂ ಇಲ್ಲ. ಇನ್ನೊಂದು ಒಳನಾಡಿನ ಸರ್ಕಾರಿ ಯೂನಿವರ್ಸಿಟಿ, ಎರಡು ವರ್ಷ, ಅರ್ಧ ಫೀಸು ಮಾಫಿ, ಜೊತೆಗೆ ಅಸಿಸ್ಟೆಂಟ್‌ಶಿಪ್, ಅಂದರೆ ಓದುತ್ತಲೇ ಯೂನಿವರ್ಸಿಟಿಯಲ್ಲಿ ಸಂಬಳದ ಕೆಲಸ. ಏಪ್ರಿಲ್ 15ರೊಳಗೆ ಒಪ್ಪಿಗೆ ಹೇಳಬೇಕು. ಯಾವುದಕ್ಕೆ ಹೋಗಲಿ, ಕೆಲಸ ಸಿಗುತ್ತಾ, ಚಳಿ ಹೇಗೆ, ಊಟ ಹೇಗೆ ಅಂತ ಕೇಳಿದ್ದೀಯ.

ಚಳಿ, ಊಟ ಮೊದಲು ಮುಗಿಸಿಬಿಡುತ್ತೇನೆ. ಚಳಿ ಇರುತ್ತದೆ. ಕೋಟು ಊರಲ್ಲಿ ಕೊಳ್ಳಬೇಡ, ಇಲ್ಲಿ ಬಂದು ತಗೋ. ಊಟಕ್ಕೆ ಶೇಂಗಾ ಚಟ್ನಿಪುಡಿ ತಾ, ಉಳಿದದ್ದೆಲ್ಲ ಸಿಗುತ್ತದೆ. ಬೆಣ್ಣೆ ದೋಸೆ ಮಾತ್ರ ಕೇಳಬೇಡ. ಬೆಣ್ಣೆ ಇದೆ, ಕಾವಲಿ ಇದೆ, ಮಂಡಕ್ಕಿಯನ್ನೂ ಅಕ್ಕಿಹಿಟ್ಟಿನ ಜೊತೆ ರುಬ್ಬಿ ನೋಡಿದ್ದೇನೆ, ಹದಿನೆಂಟು ವರ್ಷವಾಯಿತು, ಇನ್ನೂ ಅದು ಬಂದಿಲ್ಲ.

ನಾನು ಬಂದದ್ದು 2007ರ ಆಗಸ್ಟ್‌ನಲ್ಲಿ. ಸೂಟ್‌ಕೇಸ್‌ನಲ್ಲಿ ಹೊಸ ಸ್ಕೇಲ್ ಸೆಟ್ಟು ಇತ್ತು, 1:50, 1:100 ಅಂತೆಲ್ಲ ಇರುವುದು, ಕಾಲೇಜಿನಲ್ಲಿ ಐದು ವರ್ಷ ಮಿಲಿಮೀಟರ್ ಬಿಟ್ಟು ಬೇರೆ ಮಾತೇ ಆಡಿರಲಿಲ್ಲ. ಇಲ್ಲಿ ನೋಡಿದರೆ ಅಡಿ, ಇಂಚು, ಇಂಚಿನಲ್ಲಿ ಎಂಟನೇ ಒಂದು ಭಾಗ. ಆ ಸ್ಕೇಲ್‌ಗಳನ್ನು ಒಂದು ದಿನವೂ ಬಳಸಲಿಲ್ಲ. ನಮ್ಮಪ್ಪ ಹಾರ್ಡ್‌ವೇರ್ ಅಂಗಡಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅವರಿಗೆ ಮೇಸ್ತ್ರಿಗಳ ಅಡಿ, ಚದರದ ಲೆಕ್ಕವೇ ಗೊತ್ತಿದ್ದದ್ದು. ಫೋನಿನಲ್ಲಿ ಹೇಳಿದಾಗ ಜೋರಾಗಿ ನಕ್ಕರು, 'ನೋಡು, ಅಮೆರಿಕದವರೂ ನಮ್ಮ ಮೇಸ್ತ್ರಿಗಳೇ' ಅಂದರು.

ಈಗ ನಿನ್ನ ನಿಜವಾದ ಪ್ರಶ್ನೆಗೆ ಬರುತ್ತೇನೆ. ನನಗೂ ಇದೇ ಥರ ಎರಡು ಪತ್ರ ಬಂದಿದ್ದವು. ಒಂದರಲ್ಲಿ ಹೆಸರು, ಇನ್ನೊಂದರಲ್ಲಿ ದುಡ್ಡು. ನಾನು ಹೆಸರು ಆರಿಸಿದೆ. ಯಾವ ಸ್ಕೂಲು ಅಂತ ಇಲ್ಲಿ ಹೇಳುವುದಿಲ್ಲ, ಅಲ್ಲಿ ಓದಿದ ಒಳ್ಳೆಯವರು ಬೇಕಾದಷ್ಟು ಜನ ಇದ್ದಾರೆ.

ನನಗೆ ಗೊತ್ತಿರದೇ ಹೋದ ಒಂದು ವಿಷಯ ಇದು, ಗಮನ ಇಟ್ಟು ಓದು. ಇಲ್ಲಿ ಎಂ.ಆರ್ಕ್ ಅಂತ ಒಂದೇ ಹೆಸರಿನಲ್ಲಿ ಬೇರೆ ಬೇರೆ ಡಿಗ್ರಿಗಳಿವೆ. ಆರ್ಕಿಟೆಕ್ಚರ್ ಓದದೆ ಬೇರೆ ಏನೋ ಓದಿ ಬಂದವರಿಗೆ ಸುಮಾರು ಮೂರು, ಮೂರೂವರೆ ವರ್ಷದ್ದು. ನಮ್ಮ ಹಾಗೆ ಬಿ.ಆರ್ಕ್ ಮಾಡಿದವರಿಗೆ ಒಂದೂವರೆಯಿಂದ ಎರಡು ವರ್ಷದ ಪೋಸ್ಟ್ ಪ್ರೊಫೆಷನಲ್ ಕೋರ್ಸು, ಎಷ್ಟೋ ಕಡೆ ಎಂ.ಆರ್ಕ್ 2 ಅನ್ನುತ್ತಾರೆ. ಇಲ್ಲಿಯ ಆರ್ಕಿಟೆಕ್ಚರ್ ಡಿಗ್ರಿಗಳಿಗೆ ಮಾನ್ಯತೆ ಕೊಡುವ ಮಂಡಳಿಗೆ ನ್ಯಾಬ್ ಅಂತ ಹೆಸರು. ಈ ಎಂ.ಆರ್ಕ್ 2ಕ್ಕೆ ಸಾಮಾನ್ಯವಾಗಿ ಆ ಮಾನ್ಯತೆ ಇರುವುದಿಲ್ಲ. ಸ್ಕೂಲಿಗೆ ಮಾನ್ಯತೆ ಇದೆ ಅಂದರೆ ಅಲ್ಲಿಯ ಎಲ್ಲ ಕೋರ್ಸಿಗೂ ಇದೆ ಅಂತ ಅರ್ಥ ಅಲ್ಲ. ನಾನು ಹಾಗೇ ಅಂದುಕೊಂಡಿದ್ದೆ. ಅವರು ಸುಳ್ಳು ಹೇಳಲಿಲ್ಲ, ನಾನು ಕೇಳಲಿಲ್ಲ, ಅವರಾಗಿ ಹೇಳಲೂ ಇಲ್ಲ.

ಅದರಿಂದ ಏನಾಗುತ್ತೆ ಅಂತೀಯಾ? ಊರಲ್ಲಿ ಬಿ.ಆರ್ಕ್ ಮುಗಿಸಿ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ಹೆಸರು ನೋಂದಾಯಿಸಿದರೆ ಆಯಿತು, ನೀನು ಆರ್ಕಿಟೆಕ್ಟ್. ಇಲ್ಲಿ ಲೈಸೆನ್ಸ್ ಇಲ್ಲದೆ ಆ ಪದವನ್ನೇ ಹೆಸರಿನ ಮುಂದೆ ಹಾಕುವ ಹಾಗಿಲ್ಲ, ಡಿಸೈನರ್ ಅಂತ ಹಾಕಿಕೋ. ಲೈಸೆನ್ಸ್ ಕೊಡುವುದು ಆಯಾ ರಾಜ್ಯದ ಬೋರ್ಡು. ಅದಕ್ಕೆ ಡಿಗ್ರಿ ಬೇಕು, ಎಎಕ್ಸ್‌ಪಿ ಅನ್ನುವ ಅನುಭವದ ಲೆಕ್ಕದಲ್ಲಿ 3,740 ಗಂಟೆ ತೋರಿಸಬೇಕು, ಎಆರ್‌ಇ ಪರೀಕ್ಷೆ ಪಾಸಾಗಬೇಕು. ಪೇಪರ್ ಈಗ 6, ನನ್ನ ಕಾಲದಲ್ಲಿ 7 ಇದ್ದವು. ನ್ಯಾಬ್ ಡಿಗ್ರಿ ಇಲ್ಲದಿದ್ದರೆ ನಮ್ಮ ಬಿ.ಆರ್ಕ್ ಇಲ್ಲಿಯದಕ್ಕೆ ಸಮ ಹೌದೋ ಅಲ್ಲವೋ ಅಂತ ಇಇಎಸ್‌ಎ ಅನ್ನುವ ತೂಕಕ್ಕೆ ಹಾಕಿಸಬೇಕು. ಅವರು ಒಂದೊಂದೇ ವಿಷಯ ಎಣಿಸುತ್ತಾರೆ. ಕಮ್ಮಿ ಬಿದ್ದದ್ದನ್ನು ಮತ್ತೆ ಓದಬೇಕು. ನಾನು ಬೆಳಗ್ಗೆ ಆಫೀಸು, ಸಾಯಂಕಾಲ ಹದಿನೆಂಟು ವರ್ಷದ ಹುಡುಗರ ಜೊತೆ ಕೂತು ಕ್ಲಾಸು ಮಾಡಿದೆ. ಟ್ರಾನ್ಸ್‌ಕ್ರಿಪ್ಟು, ಸಿಲಬಸ್ಸಿನ ಪ್ರತಿ ಅಂತ ಅಪ್ಪ ಆ ವಯಸ್ಸಿನಲ್ಲಿ ರಾತ್ರಿ ಬಸ್ಸು ಹತ್ತಿ ಓಡಾಡಿದರು. ಲೈಸೆನ್ಸ್ ಕೈಗೆ ಬಂದದ್ದು 2017ರಲ್ಲಿ. ಬಂದು ಹತ್ತು ವರ್ಷಕ್ಕೆ! ಕೆಲವು ರಾಜ್ಯಗಳಲ್ಲಿ ಅನುಭವದ ಮೇಲೆ ಬೇರೆ ದಾರಿಗಳಿವೆ, ಆದರೆ ಕೆಲಸ ಯಾವ ರಾಜ್ಯದಲ್ಲಿ ಸಿಗುತ್ತದೆ ಅಂತ ಇವತ್ತು ಯಾರಿಗೆ ಗೊತ್ತು?

ಅದಕ್ಕೆ, ಹೊರಡುವ ಮುಂಚೆ ಸೀಲ್ ಮಾಡಿದ ಟ್ರಾನ್ಸ್‌ಕ್ರಿಪ್ಟ್ ನಾಲ್ಕೈದು ಕವರ್ ಜಾಸ್ತಿಯೇ ಮಾಡಿಸಿಕೊಂಡು ಬಾ. ಐದು ವರ್ಷದ ಸಿಲಬಸ್ಸಿಗೂ ಕಾಲೇಜಿನ ಸೀಲು ಹಾಕಿಸು.

ಕೆಲಸದ ವಿಷಯ. ನಾನು ಮುಗಿಸಿದ್ದು 2009ರ ಮೇ ತಿಂಗಳು. ಅದರ ಹಿಂದಿನ ವರ್ಷ ಇಲ್ಲಿ ಬ್ಯಾಂಕುಗಳು ಮುಳುಗಿದ್ದವು, ಕಟ್ಟಡದ ಕೆಲಸ ನಿಂತಿತ್ತು, ಹತ್ತಿಪ್ಪತ್ತು ವರ್ಷ ಅನುಭವ ಇದ್ದವರೇ ಮನೆಯಲ್ಲಿ ಕೂತಿದ್ದರು. ಓದಿದ ಮೇಲೆ ಕೆಲಸ ಮಾಡಲು ಕೊಡುವ ಅನುಮತಿಗೆ ಓಪಿಟಿ ಅಂತ ಹೆಸರು, ಅದು 12 ತಿಂಗಳು. ಅದರಲ್ಲಿ 90 ದಿನಕ್ಕಿಂತ ಹೆಚ್ಚು ಖಾಲಿ ಕೂರುವ ಹಾಗಿಲ್ಲ. 80ನೇ ದಿನ ದಾಟಿದ ಮೇಲೆ ಅಡುಗೆಮನೆ ಕಪಾಟು ಮಾಡುವ ಒಂದು ಸಣ್ಣ ಅಂಗಡಿಯಲ್ಲಿ ಡ್ರಾಯಿಂಗ್ ಮಾಡುವ ಕೆಲಸ ಸಿಕ್ಕಿತು. ದೊಡ್ಡ ಹೆಸರಿನ ಡಿಗ್ರಿ ಇಟ್ಟುಕೊಂಡು ಡ್ರಾಯರ್ ಅಳತೆ ಹಾಕಿದೆ. ಸುಳ್ಳು ಯಾಕೆ ಹೇಳಲಿ, ಒಂದು ಗೋಡೆ ಸಾಮಾನ್ಯವಾಗಿ ಎಷ್ಟು ಸೊಟ್ಟಗಿರುತ್ತದೆ ಅಂತ ಕಲಿತದ್ದು ಅಲ್ಲೇ.

ಈಗ ಸ್ಟೆಮ್, ಅಂದರೆ ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತದ ಪಟ್ಟಿಯಲ್ಲಿರುವ ಕೋರ್ಸು ಮಾಡಿದವರಿಗೆ ಓಪಿಟಿ ಇನ್ನೂ 24 ತಿಂಗಳು ಸಿಗುತ್ತದೆ. ಆದರೆ ಆರ್ಕಿಟೆಕ್ಚರ್ ಎಲ್ಲ ಕಡೆ ಸ್ಟೆಮ್ ಅಲ್ಲ. ಕೋರ್ಸಿಗೆ ಸ್ಕೂಲು ಯಾವ ಸಿಐಪಿ ಕೋಡ್, ಅಂದರೆ ಕೋರ್ಸು ಯಾವ ವರ್ಗದ್ದು ಅಂತ ಹೇಳುವ ಸಂಖ್ಯೆ, ಹಾಕಿದೆ ಅನ್ನುವುದರ ಮೇಲೆ ಇದೆ. 04.0902 ಇದ್ದರೆ ಸ್ಟೆಮ್, 04.0201 ಇದ್ದರೆ ಅಲ್ಲ. ವೀಸಾಕ್ಕೆ ಅಂತ ಸ್ಕೂಲು ಕೊಡುವ ಐ-20 ಕಾಗದದಲ್ಲಿ ಬರೆದಿರುತ್ತದೆ, ಬರೆದಿರದಿದ್ದರೆ ಅಡ್ಮಿಷನ್ ಆಫೀಸಿಗೆ ಇಮೇಲ್ ಹಾಕಿ ಕೇಳು, ನಾಚಿಕೆ ಪಡಬೇಡ. ಆಮೇಲೆ ಕೆಲಸದ ವೀಸಾ ಎಚ್-1ಬಿ, ವರ್ಷಕ್ಕೆ 85,000, ಲಾಟರಿ. ಅದು ನಮ್ಮ ಕೈಯಲ್ಲಿಲ್ಲ, ನಿಯಮವೂ ಬದಲಾಗುತ್ತಲೇ ಇರುತ್ತದೆ, ಅದರ ಬಗ್ಗೆ ಜಾಸ್ತಿ ಬರೆಯುವುದಿಲ್ಲ.

ಹೆಸರಿನ ಸ್ಕೂಲಿನಲ್ಲಿ ಏನೂ ಸಿಗಲಿಲ್ಲ ಅಂದರೆ ತಪ್ಪಾಗುತ್ತದೆ. ಲೈಬ್ರರಿ ಚೆನ್ನಾಗಿತ್ತು, ಜೊತೆಗಾರರು ಚುರುಕು. ಆದರೆ ನಾನು ಹೋದದ್ದು ಒಂದು ಆಸೆ ಇಟ್ಟುಕೊಂಡು. ಚಿತ್ರದುರ್ಗದ ಕೋಟೆ ಮೇಲೆ ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ ಇಳಿಯುತ್ತೆ, ಅಲ್ಲಿಂದ ಕೆಳಗೆ ಸಿಹಿನೀರು ಹೊಂಡ, ಸಂತೆ ಹೊಂಡ ಅಂತ ನೀನೂ ಸ್ಕೂಲ್ ಟ್ರಿಪ್‌ನಲ್ಲಿ ಕೇಳಿರುತ್ತೀಯ. ನಾವೆಲ್ಲ ಓಬವ್ವನ ಕಿಂಡಿಯಲ್ಲಿ ನುಸುಳಿ ಬರುವುದರಲ್ಲೇ ಅದನ್ನು ಮರೆತುಬಿಡುತ್ತೇವೆ. ಮಳೆ ಕಮ್ಮಿ ಇರುವ ಊರಿನಲ್ಲಿ ಬಂಡೆಯ ಮೇಲೆ ಬಿದ್ದ ನೀರನ್ನು ಹಿಡಿದು ಹಿಡಿದು ಇಳಿಸಿದ್ದಾರೆ. ಅದನ್ನು ಅಳೆದು, ಸೆಕ್ಷನ್ ಬರೆದು, ಅದರಿಂದ ಒಂದು ಪ್ರಾಜೆಕ್ಟ್ ಮಾಡಬೇಕು ಅಂತಿತ್ತು. ಆ ಎರಡು ವರ್ಷ ಅಲ್ಲಿ ಕಂಪ್ಯೂಟರಿನಲ್ಲಿ ಕಟ್ಟಡಕ್ಕೆ ಬಾಗಿ ಬಳುಕುವ ಆಕಾರಗಳನ್ನು ಮಾಡುವ ಹುಚ್ಚು. ನೀರಿನ ಬಗ್ಗೆ ಕೆಲಸ ಮಾಡುವ ಒಬ್ಬ ಪ್ರೊಫೆಸರ್ ಕೂಡ ಇರಲಿಲ್ಲ. ಅಂಥವರು ಇದ್ದದ್ದು ನಾನು ಬೇಡ ಅಂದ ಸ್ಕೂಲಿನಲ್ಲಿ! ಫ್ಯಾಕಲ್ಟಿ ಪುಟವನ್ನು ನಾನು ತೆಗೆದೇ ನೋಡಿರಲಿಲ್ಲ. ನೀನು ನೋಡು. ಅಲ್ಲಿ ಈಗ ಓದುತ್ತಿರುವ ಇಬ್ಬರಿಗೆ ಬರೆದು ಕೇಳು, ಯಾವ ಸ್ಟುಡಿಯೋ ಯಾರು ನಡೆಸುತ್ತಾರೆ, ಮುಂದಿನ ವರ್ಷ ಅವರು ರಜೆಯಲ್ಲಿರುತ್ತಾರಾ ಅಂತ. ದೊಡ್ಡವರು ಹೆಸರಿಗೆ ಇರುತ್ತಾರೆ, ಪಾಠಕ್ಕೆ ಇರುವುದಿಲ್ಲ, ಹಾಗೂ ಆಗುತ್ತದೆ.

'ಹೆಸರು ಇಲ್ಲದಿದ್ದರೆ ಊರಲ್ಲಿ ಬೆಲೆ ಇಲ್ಲ' ಅಂತ ನಿಮ್ಮ ಮಾವ ಹೇಳಿದರು ಅಂತ ಬರೆದಿದ್ದೀಯ. ನಮ್ಮ ದೇಶದ ದೊಡ್ಡ ಆರ್ಕಿಟೆಕ್ಟ್ ಬಿ.ವಿ. ದೋಷಿಯವರ ಹತ್ತಿರ ವಿದೇಶದ ಎಂ.ಆರ್ಕ್ ಇರಲಿಲ್ಲ. ಪ್ಯಾರಿಸ್ಸಿಗೆ ಹೋಗಿ ಚಂಡೀಗಢದ ವಿನ್ಯಾಸ ಮಾಡಿದ ಲೆ ಕಾರ್ಬೂಸಿಯೆ ಆಫೀಸಿನಲ್ಲಿ ಕೆಲಸ ಕಲಿತರು, 2018ರಲ್ಲಿ ಆರ್ಕಿಟೆಕ್ಚರ್‌ನ ಅತಿ ದೊಡ್ಡ ಪ್ರಶಸ್ತಿ ಪ್ರಿಟ್ಜ್‌ಕರ್ ಬಂತು. ಇನ್ನೊಬ್ಬ ದೊಡ್ಡ ಆರ್ಕಿಟೆಕ್ಟ್ ಚಾರ್ಲ್ಸ್ ಕೊರಿಯಾ ಎಂಐಟಿಯಲ್ಲಿ ಓದಿದ್ದು ಎಲ್ಲರಿಗೂ ಗೊತ್ತು, ಅದಕ್ಕೂ ಮುಂಚೆ ಮಿಷಿಗನ್ನಿನ ಸರ್ಕಾರಿ ಯೂನಿವರ್ಸಿಟಿಯಲ್ಲಿ ಓದಿದ್ದು ಎಷ್ಟು ಜನಕ್ಕೆ ಗೊತ್ತು? ಮಾವನಿಗೆ ಇದನ್ನು ಹೇಳಿ ಉಪಯೋಗ ಇಲ್ಲ, ಸುಮ್ನೆ ನಿನಗೆ ಹೇಳಿದೆ.

ದುಡ್ಡಿನ ವಿಷಯ ಬರೆಯದೆ ಮುಗಿಸಬೇಕು ಅಂದುಕೊಂಡಿದ್ದೆ, ಆಗುತ್ತಿಲ್ಲ. ನಾನು 15 ಲಕ್ಷ ಸಾಲ ತೆಗೆದೆ. ಅಡಮಾನಕ್ಕೆ ಇಟ್ಟದ್ದು ಶಾಮನೂರು ರಸ್ತೆ ಕಡೆ ಅಪ್ಪ ಕಂತಿನಲ್ಲಿ ಕೊಂಡಿದ್ದ ಮೂವತ್ತು ನಲವತ್ತರ ಸೈಟು. ನಾನು ಮೂರನೇ ವರ್ಷ ಓದುವಾಗಲೇ ಅದಕ್ಕೆ ಪ್ಲ್ಯಾನ್ ಬರೆಸಿದ್ದರು. ನಾನು ನಡುವೆ ಒಂದು ಸಣ್ಣ ತೊಟ್ಟಿ ಇಟ್ಟಿದ್ದೆ, ಅವರು ಅಲ್ಲಿ ಸ್ಕೂಟರ್ ನಿಲ್ಲಿಸಬಹುದು ಅಂತ ಹಟ, ಅಮ್ಮನಿಗೆ ಬಾಗಿಲು ಪೂರ್ವಕ್ಕೇ ಬೇಕು. ಆರು ಸಲ ಅಳಿಸಿ ಬರೆದೆ. ನಾನು ಬರುವಾಗ ಡಾಲರ್‌ಗೆ 40 ರೂಪಾಯಿ, ಕೊನೆಯ ಸೆಮಿಸ್ಟರಿನ ಫೀಸು ಕಟ್ಟುವಾಗ 48. ಆ ವ್ಯತ್ಯಾಸಕ್ಕೆ ಅಪ್ಪ ಕೈಸಾಲ ಮಾಡಿದರು, ನನಗೆ ಹೇಳಲಿಲ್ಲ. ಕಪಾಟಿನ ಅಂಗಡಿ ಸಂಬಳದಲ್ಲಿ ನಾನು ಬಾಡಿಗೆ ಕಟ್ಟಿ ಉಳಿದದ್ದು ಕಳಿಸುತ್ತಿದ್ದೆ. 2010ರ ಯುಗಾದಿ ದಿನ ಫೋನ್ ಮಾಡಿದಾಗ 'ಸಾಲ ತೀರಿತಮ್ಮ, ನೀನು ಇನ್ನು ಕಳಿಸಬೇಡ' ಅಂದರು. ಹೇಗೆ ಅಂತ ಕೇಳಿದೆ. ಸೈಟು ಕೊಟ್ಟೆ ಅಂದರು, ಒಳ್ಳೆ ರೇಟು ಬಂತು ಅಂದರು. ಆಮೇಲೆ ಬೇರೆ ಮಾತಾಡಿದೆವು.

ಈಗ ಷಿಕಾಗೋದಲ್ಲಿ ನನಗೆ ಕೆಲಸ ಚೆನ್ನಾಗಿದೆ. ನಾನು ಸಹಿ ಹಾಕಿದ ಎರಡು ಶಾಲೆ, ಒಂದು ಲೈಬ್ರರಿ ನಿಂತಿವೆ. ದಾವಣಗೆರೆಯಲ್ಲಿ ಒಂದು ಗೋಡೆ ಇಲ್ಲ. ಅಪ್ಪ ಹೋಗಿ ನಾಲ್ಕು ವರ್ಷವಾಯಿತು, ಬಾಡಿಗೆ ಮನೆಯಲ್ಲೇ ಹೋದರು. ಊರಿಗೆ ಹೋದಾಗ ಆಟೋದವನಿಗೆ ಆ ಸೈಟು ಇದ್ದ ರಸ್ತೆ ಬಿಟ್ಟು ಸುತ್ತು ಹಾಕಿಕೊಂಡು ಹೋಗು ಅನ್ನುತ್ತೇನೆ. ಒಂದು ಸಲ ನೋಡಿದ್ದೇನೆ. ಪಶ್ಚಿಮಕ್ಕೆ ಉದ್ದಕ್ಕೂ ಗಾಜು ಹಾಕಿದ್ದಾರೆ, ಮಧ್ಯಾಹ್ನ ಮೂರು ಗಂಟೆಗೆ ಒಳಗೆ ಕೂರಲು ಆಗುವುದಿಲ್ಲ.

ನಿನಗೆ ಎರಡನೆಯ ಸ್ಕೂಲಿಗೆ ಹೋಗು ಅಂತ ಹೇಳುತ್ತಿದ್ದೇನೆ ಅಂತ ಗೊತ್ತಾಗಿರುತ್ತದೆ. ಆದರೂ ಕಣ್ಣು ಮುಚ್ಚಿ ಹೋಗಬೇಡ. ನ್ಯಾಬ್ ಮಾನ್ಯತೆ ನಿನ್ನ ಕೋರ್ಸಿಗೇ ಇದೆಯಾ, ಸಿಐಪಿ ಕೋಡ್ ಯಾವುದು, ಅಸಿಸ್ಟೆಂಟ್‌ಶಿಪ್ ಎರಡನೇ ವರ್ಷಕ್ಕೂ ಇದೆಯಾ ಅಥವಾ ಮೊದಲ ವರ್ಷಕ್ಕೆ ಮಾತ್ರವಾ, ಮೂರನ್ನೂ ಇಮೇಲ್‌ನಲ್ಲಿ ಕೇಳು, ಉತ್ತರ ಬರಹದಲ್ಲೇ ತಗೋ. ಹೆಸರಿನ ಸ್ಕೂಲಿಗೂ ಒಂದು ಸಲ ಬರೆದು ಫೀಸು ಕಮ್ಮಿ ಮಾಡುತ್ತೀರಾ ಅಂತ ಕೇಳು, ಇನ್ನೊಂದು ಕಡೆ ಸಹಾಯ ಕೊಟ್ಟಿದ್ದಾರೆ ಅಂತ ತಿಳಿಸು. ಇಲ್ಲಿ ಹಾಗೆ ಕೇಳುವುದು ಅವಮಾನ ಅಲ್ಲ, ಕೆಲವೊಮ್ಮೆ ಕೊಡುತ್ತಾರೆ.

ಇನ್ನೊಂದು. ಇವತ್ತು ರಾತ್ರಿ ಊಟ ಆದ ಮೇಲೆ ನಿಮ್ಮಪ್ಪನ ಹತ್ತಿರ ಕೂತು, ಬ್ಯಾಂಕಿಗೆ ಯಾವ ಕಾಗದ ಕೊಡುತ್ತಿದ್ದೀರಿ ಅಂತ ಕೇಳು. 'ಅದೆಲ್ಲ ನಿನಗ್ಯಾಕೆ, ನೀನು ಓದು' ಅನ್ನುತ್ತಾರೆ. ಎದ್ದು ಹೋಗಬೇಡ, ಕಾಗದ ತೋರಿಸುವವರೆಗೂ ಕೂತಿರು.