ಪೆನ್ನು ಹಿಡಿದು ಕೂತ ಮಗಳು

ಕೌನ್ಸೆಲಿಂಗ್ (ಆಪ್ತ ಸಮಾಲೋಚನೆ) ಓದುವ ಮಕ್ಕಳೇ ನನ್ನ ಹತ್ತಿರ ಕೌನ್ಸೆಲಿಂಗ್‌ಗೆ ಬರುವುದು ಈಚೆಗೆ ಜಾಸ್ತಿಯಾಗಿದೆ. ಕಾರಣ ಏನೇನೋ ಹೇಳುತ್ತಾರೆ. ನಿದ್ದೆ ಇಲ್ಲ, ಓದು ತಲೆಗೆ ಹತ್ತುತ್ತಿಲ್ಲ, ಕೋರ್ಸ್ ಬಿಡಬೇಕು ಅನಿಸಿದೆ. ಸ್ವಲ್ಪ ಕೆದಕಿದರೆ ಒಂದೇ ಕಥೆ ಸಿಗುತ್ತದೆ. ರಜೆಗೆ ಊರಿಗೆ ಹೋದವರು ಮನೆಯವರಿಗೇ ಕೌನ್ಸೆಲಿಂಗ್ ಶುರು ಮಾಡಿರುತ್ತಾರೆ. ಅಂಥವರಲ್ಲಿ ಈ ಹುಡುಗಿಯ ವಿಷಯವನ್ನೇ ಬರೆಯಲು ಇನ್ನೊಂದು ಕಾರಣವಿದೆ. ಆಕೆಯ ತಾಯಿ ಆಡಿದ ಮಾತು ಅರ್ಧ ನನಗೂ ತಾಗಿತು.

ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ. ತಾಯಿ, ಮಗಳು ಇಬ್ಬರೂ ಒಪ್ಪಿದ್ದಾರೆ. ತಂದೆಯನ್ನೂ ಕೇಳಿಸಿದೆ. "ಬರ್ಕಳ್ಳಿ ಬಿಡು, ಇನ್ನ ಏನು ಉಳದೈತಿ" ಅಂದರಂತೆ.

ರಾಯಚೂರು ಜಿಲ್ಲೆಯ ಒಂದು ಹಳ್ಳಿ. ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ನೀರು ಬಂದರೆ ಭತ್ತ, ಇಲ್ಲದಿದ್ದರೆ ಹತ್ತಿ. ಮಗಳು ಬೆಂಗಳೂರಿನ ವಿಶ್ವವಿದ್ಯಾಲಯವೊಂದರಲ್ಲಿ ಕೌನ್ಸೆಲಿಂಗ್ ಮತ್ತು ವರ್ತನಾ ವಿಜ್ಞಾನದಲ್ಲಿ ಎರಡನೇ ವರ್ಷದ ಎಂ.ಎಸ್ಸಿ. ಅಪ್ಪ ಕುಡಿಯುತ್ತಾರೆ, ದಿನಾ. ಅವ್ವ ರಾತ್ರಿ ಅಳುತ್ತಾರೆ. ಇಷ್ಟು ಸಾಕು.

ಬೇಸಿಗೆ ರಜೆಗೆ ಬಂದ ಹುಡುಗಿ ನೋಟ್‌ಬುಕ್ಕಿನಲ್ಲಿ ಎರಡು ಗೀಟು ಎಳೆದು ಮೂರು ಕಲಂ ಮಾಡಿದಳು. ಮೊದಲು ಏನಾಯಿತು, ಅಪ್ಪ ಏನು ಮಾಡಿದರು, ಆಮೇಲೆ ಏನಾಯಿತು. ವರ್ತನೆಯನ್ನು ಗಮನಿಸುವುದಕ್ಕೆ ಎಲ್ಲ ಕಡೆ ಕಲಿಸುವ ಪಾಠವೇ ಇದು, ತಪ್ಪೇನಿಲ್ಲ. ಹದಿನೆಂಟು ದಿನ ಬರೆದಳು. "ಸಂಜೆ 7.40. ಅಂಗಡಿಯವನು ಬಾಕಿ ಕೇಳಿದ. ಕುಡಿದು ಬಂದರು. ಅವ್ವ ಊಟ ಬಡಿಸದೆ ಮಲಗಿದಳು." ಹತ್ತೊಂಬತ್ತನೇ ದಿನ ಆ ನೋಟ್‌ಬುಕ್ ಅಪ್ಪನ ಕೈಗೆ ಸಿಕ್ಕಿತು. ಏಳನೇ ಇಯತ್ತೆವರೆಗೆ ಓದಿದ ಮನುಷ್ಯ. ಒಂದೊಂದೇ ಅಕ್ಷರ ಕೂಡಿಸಿ ಪೂರ್ತಿ ಓದಿದರಂತೆ. ಬೈಯಲಿಲ್ಲ. ಎಲ್ಲಿತ್ತೋ ಅಲ್ಲೇ ಇಟ್ಟು ಹೊಲಕ್ಕೆ ಹೋದರು. ಅವತ್ತಿನಿಂದ ಮಗಳ ಜೊತೆ ಮಾತಿಲ್ಲ.

ಮೊದಲ ಸಲ ನನ್ನ ಮುಂದೆ ಕೂತಾಗ ಹುಡುಗಿ ಹೇಳಿದ್ದು, "ನನ್ನ ಮನೀನೇ ಸರಿ ಮಾಡಾಕ ಆಗ್ಲಿಲ್ಲ ಮೇಡಂ. ಮಂದೀಗೆ ಏನ್ ಕೌನ್ಸೆಲಿಂಗ್ ಮಾಡ್ಲಿ? ಕಾಲೇಜು ಬಿಡ್ತೀನಿ." ಅವತ್ತು ನಾನು ಕೇಳಿಸಿಕೊಂಡೆ, ಅಷ್ಟೇ.

ಎರಡನೇ ಸಲ ಬರುವಾಗ ಅವ್ವನೂ ಜೊತೆಗಿದ್ದರು. ಮೇ ತಿಂಗಳ ರಾಯಚೂರು, ಹೊರಗೆ ಬೆಂಚು ಕಾದ ಹೆಂಚಾಗಿತ್ತು. ಒಳಗೇ ಕೂತುಕೊಳ್ಳಿ ಅಂದೆ. ಮಗಳೂ ಹೂಂ ಅಂದಳು. ಅಂದರೆ ಆ ಸೆಷನ್ ಆದದ್ದೇ ಬಿಸಿಲಿನ ದೆಸೆಯಿಂದ, ನನ್ನ ಜಾಣತನ ಏನೂ ಇಲ್ಲ.

ಸ್ವಲ್ಪ ಹೊತ್ತಿಗೆ ಅವ್ವ ಕಣ್ಣೊರೆಸಿಕೊಂಡರು. ಮಗಳು ತಕ್ಷಣ ಅವರ ಕಡೆ ತಿರುಗಿದಳು. ಬೆನ್ನು ನೆಟ್ಟಗಾಯಿತು, ದನಿ ತಣ್ಣಗಾಯಿತು. "ಅವ್ವಾ, ನಿನಗೆ ಈಗ ದುಃಖ ಆಗ್ತಿದೆ ಅಂತ ನನಗೆ ಕೇಳಿಸ್ತಿದೆ. ಅದರ ಬಗ್ಗೆ ಇನ್ನೂ ಸ್ವಲ್ಪ ಹೇಳ್ತೀಯಾ?"

ಅವ್ವ ಅವಳನ್ನು ನೋಡಲಿಲ್ಲ. ನನ್ನನ್ನು ನೋಡಿದರು.

"ನೋಡ್ರಿ ಅಕ್ಕಾರ, ಹಿಂಗ ಮಾತಾಡ್ತಾಳ. ಮೊದ್ಲು ನಾ ಅತ್ರ ಇಕಿ ಬೈತಿದ್ಲು. ಸುಮ್ನಿರಬೇ ಯವ್ವಾ, ಎಷ್ಟ್ ಅಳ್ತಿ ಅಂತಿದ್ಲು. ಬೈದು ತಾನೂ ಅಳ್ತಿದ್ಲು. ಈಗ ಅಳಂಗಿಲ್ಲ, ಬೈಯಂಗಿಲ್ಲ. ಪೆನ್ನು ಹಿಡ್ಕಂಡು ನಿಮ್ಮಂಗ ಕುಂದರ್ತಾಳ. ಬೈದ್ರ ಮಗಳು ಅನಸ್ತಿತ್ರಿ."

ನನ್ನ ಕೈಯಲ್ಲಿ ಪೆನ್ನಿತ್ತು. ಕೆಳಗಿಟ್ಟೆ. ಮೂವರೂ ಸುಮ್ಮನೆ ಕೂತೆವು. ಫ್ಯಾನ್ ಒಂದು ಕಟಕಟ ಅನ್ನುತ್ತಿತ್ತು.

ಈ ಕ್ಷೇತ್ರದಲ್ಲಿ ಓದಿದ ಎಲ್ಲರಿಗೂ ಅಮೆರಿಕದ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಗೊತ್ತು. 1957ರಲ್ಲಿ ಬರೆದ ಒಂದು ಲೇಖನದಲ್ಲಿ ಆತ ಕೌನ್ಸೆಲರ್‌ನಲ್ಲಿ ಇರಬೇಕಾದ್ದನ್ನು ಹೇಳುತ್ತಾನೆ. ಎದುರಿನವರ ಜಾಗದಲ್ಲಿ ನಿಂತು ನೋಡಬೇಕು. ಅವರು ಹೇಗಿದ್ದಾರೋ ಹಾಗೆ ಒಪ್ಪಬೇಕು. ಇವೆರಡನ್ನೂ ಕ್ಲಾಸಿನಲ್ಲಿ ಜೋಡಿ ಜೋಡಿ ಕೂರಿಸಿ ಅಭ್ಯಾಸ ಮಾಡಿಸುತ್ತೇವೆ. ಇನ್ನೊಂದಿದೆ, ಒಳಗೊಂದು ಹೊರಗೊಂದು ಇಲ್ಲದೆ ಇರುವುದು. ಅದನ್ನು ಪರೀಕ್ಷೆಗೆ ಬರೆಸಿ ಬಿಟ್ಟುಬಿಡುತ್ತೇವೆ. ರೋಜರ್ಸ್ ಹೆಸರೇ ಕೇಳದ ಈ ತಾಯಿ ಹಿಡಿದದ್ದು ನೇರ ಅದನ್ನೇ. ಮಗಳ ಎದೆ ಒಳಗೆ ಹೊಡೆದುಕೊಳ್ಳುತ್ತಿತ್ತು, ಬಾಯಿ ಮಾತ್ರ ಪಾಠ ಒಪ್ಪಿಸುತ್ತಿತ್ತು. ಅದೂ ಎಂಥ ಕನ್ನಡ! ಇಂಗ್ಲಿಷಿನಲ್ಲಿ ಕಲಿತ ವಾಕ್ಯವನ್ನು ಹಾಗೇ ಎತ್ತಿ ಇಟ್ಟಿದ್ದಳು. ನಮ್ಮ ಕಡೆ ಯಾರೂ "ನನಗೆ ದುಃಖ ಆಗ್ತಿದೆ" ಅನ್ನುವುದಿಲ್ಲ. ಜೀವಕ್ಕ ಬ್ಯಾಸರ ಆಗೈತಿ ಅಂತಾರೆ, ಎದಿ ಭಾರ ಅಂತಾರೆ, ಎಷ್ಟೋ ಸಲ ಬರೀ ತಲಿ ನೋಯ್ತದ ಅಂತ ಮಾತು ಮುಗಿಸುತ್ತಾರೆ.

ಅವತ್ತು ನಾನು ಕೊಟ್ಟ ಸಲಹೆ ನೇರವಾಗಿತ್ತು. ಕೋರ್ಸ್ ಬಿಡಬೇಡ, ಮನೆಯಲ್ಲಿ ಕೌನ್ಸೆಲಿಂಗ್ ಬಿಡು. ಇವತ್ತಿನಿಂದಲೇ. ಅವ್ವ ಅತ್ತರೆ ಬೈಯಬೇಕು ಅನಿಸಿದರೆ ಬೈ, ಅಳಬೇಕು ಅನಿಸಿದರೆ ಅಳು. ನಿನಗೆ ನೀನೇ ಒಬ್ಬ ಕೌನ್ಸೆಲರ್ ನೋಡಿಕೋ, ಬೆಂಗಳೂರಿನಲ್ಲೇ, ನಿನ್ನ ವಿಭಾಗದ ಹೊರಗಿನವರು. ಮತ್ತೆ ಆ ನೋಟ್‌ಬುಕ್ಕನ್ನು ಅಪ್ಪನಿಗೆ ಕೊಟ್ಟುಬಿಡು.

ಕೊನೆಯದಕ್ಕೆ ಹುಡುಗಿ ಬೆಚ್ಚಿದಳು. ಸುಟ್ಟುಬಿಡ್ತೀನಿ ಅಂದಳು. ಬೇಡ ಅಂದೆ. 2017ರ ಮಾನಸಿಕ ಆರೋಗ್ಯ ಕಾಯ್ದೆ ಚಿಕಿತ್ಸೆ ಪಡೆಯುವವರಿಗೆ ತಮ್ಮ ದಾಖಲೆ ನೋಡುವ ಹಕ್ಕು ಕೊಟ್ಟಿದೆ. ಮಗಳ ನೋಟ್‌ಬುಕ್ ಅದರೊಳಗೆ ಬರುವುದಿಲ್ಲ, ನನಗೂ ಗೊತ್ತು. ಆದರೆ ಅದರಲ್ಲಿರುವುದು ಆ ಮನುಷ್ಯನ ಹದಿನೆಂಟು ಸಂಜೆಗಳು. ಕೇಳದೆ ಬರೆದದ್ದು ಒಂದು ತಪ್ಪು, ಕೇಳದೆ ಸುಡುವುದು ಇನ್ನೊಂದು.

ಕುಡಿತದ ವಿಷಯದಲ್ಲಿ ಮಾತ್ರ ನಾನು ದನಿ ಏರಿಸಿದೆ, ಒಪ್ಪುತ್ತೇನೆ. "ನಾಳೆಯಿಂದ ಪೂರ್ತಿ ಬಿಡು, ಇಲ್ಲಾಂದ್ರೆ ನಾನು ಮನೆಗೆ ಬರಲ್ಲ" ಅಂತ ಹುಡುಗಿ ಅಪ್ಪನಿಗೆ ಷರತ್ತು ಹಾಕಿದ್ದಳಂತೆ. ವರ್ಷಗಟ್ಟಲೆ ದಿನಾ ಕುಡಿದವರು ಒಮ್ಮೆಲೇ ನಿಲ್ಲಿಸಿದರೆ ಕೈ ನಡುಗುತ್ತದೆ, ಬೆವರುತ್ತದೆ. ಕೆಲವರಿಗೆ ಒಂದೆರಡು ದಿನದೊಳಗೆ ಫಿಟ್ಸ್ ಬರುತ್ತದೆ. ಎರಡು ಮೂರು ದಿನಕ್ಕೆ ಗಲಿಬಿಲಿಯಾಗಿ ಇಲ್ಲದ್ದು ಕಾಣಿಸಬಹುದು. ಜೀವಕ್ಕೇ ಅಪಾಯ. ಡಾಕ್ಟರ ಕಣ್ಣಳತೆಯಲ್ಲಿ, ಮಾತ್ರೆ ಕೊಟ್ಟು ಬಿಡಿಸಬೇಕು. ಜಿಲ್ಲಾಸ್ಪತ್ರೆಯ ಮನೋವೈದ್ಯರ ಹತ್ತಿರ ಹೋಗಿ ಅಂದೆ. ಅಷ್ಟು ದೂರ ಆಗದಿದ್ದರೆ ತಾಲೂಕು ಆಸ್ಪತ್ರೆಯಲ್ಲಿ ಮಾನಸಿಕ ಕಾಯಿಲೆಗೆಂದೇ ನಡೆಸುವ ಮನೋಚೈತನ್ಯ ಕ್ಲಿನಿಕ್. ಅಪ್ಪ ಎಲ್ಲಿಗೂ ಬರಲ್ಲ ಅಂದರೆ ಮೊದಲು ಅವ್ವನೇ 14416ಕ್ಕೆ ಫೋನ್ ಮಾಡಲಿ. ಅದು ಟೆಲಿ ಮಾನಸ್, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡಬಹುದು. ನಂಬರನ್ನು ಅವ್ವ ನನ್ನ ಕೈಯಿಂದಲೇ ಚೀಟಿಯಲ್ಲಿ ಬರೆಸಿಕೊಂಡರು. ಮತ್ತೆ ಪೆನ್ನು ಹಿಡಿಯಬೇಕಾಯಿತು.

ಈ ಪ್ರಕರಣವನ್ನು ಸಹೋದ್ಯೋಗಿಗಳ ಮುಂದೆ ಹೇಳಿದಾಗ ಒಬ್ಬರು ಒಪ್ಪಲಿಲ್ಲ. "ಮನೆಯವರಿಗೆ ಕೌನ್ಸೆಲಿಂಗ್ ಮಾಡಬಾರದು ಅನ್ನೋ ಬೆಂಗಳೂರಿನ ನಿಯಮ ಇಲ್ಲಿಗ್ಯಾಕೆ? ಆ ಹಳ್ಳಿಗೆ ಇಷ್ಟು ಓದಿದವಳು ಅವಳೊಬ್ಬಳೇ. ಅವಳೂ ಬಿಟ್ಟರೆ ಆ ಮನೆಗೆ ಯಾರಿದ್ದಾರೆ?" ಅಂದರು. ಮಾತು ಪೊಳ್ಳಲ್ಲ. ಮಾನ್ವಿ, ದೇವದುರ್ಗ, ಕುಷ್ಟಗಿ ಕಡೆ ತಿರುಗಾಡಿದವರಿಗೆ ಅದರ ತೂಕ ಗೊತ್ತು.

ಆದರೆ ನಮ್ಮ ಪಕ್ಕದ ಬಳ್ಳಾರಿ ಈ ಪ್ರಶ್ನೆಗೆ ಬಹಳ ಹಿಂದೆಯೇ ಉತ್ತರ ಹುಡುಕಿತ್ತು. 1985ರಿಂದ 1990ರವರೆಗೆ ನಿಮ್ಹಾನ್ಸ್‌ನವರು ಆ ಜಿಲ್ಲೆಯಲ್ಲಿ ಪ್ರಾಥಮಿಕ ಆರೋಗ್ಯ ಕೇಂದ್ರದ ವೈದ್ಯರಿಗೆ, ಆರೋಗ್ಯ ಕಾರ್ಯಕರ್ತರಿಗೆ ತರಬೇತಿ ಕೊಟ್ಟು, ಮಾನಸಿಕ ಕಾಯಿಲೆಗೆ ಹತ್ತಿರದಲ್ಲೇ ಚಿಕಿತ್ಸೆ ಸಿಗುವ ಹಾಗೆ ಮಾಡಿದರು. 1996ರಲ್ಲಿ ದೇಶದಲ್ಲಿ ಶುರುವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿ. ಊರೂರು ತಿರುಗುವ ಕಾರ್ಯಕರ್ತರ ಕೆಲಸ ಇಷ್ಟು. ಗುರುತಿಸು, ಡಾಕ್ಟರ ಹತ್ತಿರ ಕಳಿಸು, ಮಾತ್ರೆ ತಗೊಂಡ್ರಾ ಅಂತ ಹೋಗಿ ವಿಚಾರಿಸು. ಈ ಹುಡುಗಿ ತನ್ನ ಮನೆಗೆ ಅಷ್ಟು ಮಾಡಲಿ, ನಾನು ಬೇಡ ಅನ್ನಲಿಲ್ಲ. ನಾಳೆ ಪಕ್ಕದ ಊರಿನವರ ಎದುರು ಕೌನ್ಸೆಲರ್ ಆಗಿಯೂ ಕೂರಲಿ. ಅವ್ವನ ಎದುರು ಮಾತ್ರ ಬೇಡ. ಕೌನ್ಸೆಲರ್ ನೂರು ಜನ ಸಿಗಬಹುದು, ಆ ಹೆಂಗಸಿಗೆ ಮಗಳು ಇರುವುದು ಒಬ್ಬಳೇ.

ಇದನ್ನು ಇಷ್ಟು ಜೋರಾಗಿ ಹೇಳುವುದಕ್ಕೆ ನನ್ನದೇ ಒಂದು ಕಾರಣವಿದೆ. ಓದುವಾಗ ನಾನೂ ನನ್ನ ತಂಗಿಯ ಮೇಲೆ ಪ್ರಯೋಗ ಮಾಡಿದವಳೇ. ಎರಡು ವರ್ಷ ಅವಳು ನನಗೆ ಏನೂ ಹೇಳಿಕೊಳ್ಳಲಿಲ್ಲ. ಅವಳ ಮದುವೆ ಮುರಿಯುವ ಹಂತಕ್ಕೆ ಬಂದದ್ದು ನನಗೆ ತಿಳಿದದ್ದು ಪಕ್ಕದ ಮನೆಯವರಿಂದ.

ಹುಡುಗಿ ಕಾಲೇಜಿಗೆ ವಾಪಸ್ ಹೋದಳು. ಮಳೆಗಾಲ ಕಳೆದ ಮೇಲೆ ಒಮ್ಮೆ ಫೋನ್ ಮಾಡಿದ್ದಳು. ಅಪ್ಪ ಒಂದು ಸಲ ಆಸ್ಪತ್ರೆಗೆ ಹೋಗಿ ಬಂದರಂತೆ, ಎರಡನೇ ಸಲ ಹೋಗಿಲ್ಲ. ಕುಡಿತ ಕಡಿಮೆಯಾಗಿದೆ ಅಂತ ಅವ್ವ, ಇಲ್ಲ ಅಂತ ತಮ್ಮ.

"ನೋಟ್‌ಬುಕ್ ಏನಾಯ್ತು?" ಕೇಳಿದೆ.

"ಅಪ್ಪನ ಹತ್ರಾನೇ ಐತ್ರಿ ಮೇಡಂ. ನಾ ಬರದಿದ್ದ ಹಾಳಿ ಹರದಿಲ್ಲ. ಉಳದಿದ್ರಾಗ ಗೊಬ್ಬರದ ಲೆಕ್ಕ ಬರ್ಯಾಕತ್ಯಾನ. ನನ್ನ ಮೂರು ಕಲಂದಾಗೇ."